ಸ್ಮಾರ್ಟ್ ಬೋರ್ಡಿಗೆ ಹಣವಿದೆ, ಅಧ್ಯಾಪಿಕೆಯ ಓದಿಗೆ?

ಸಮುದಾಯದ ಆಡಳಿತ ಮಂಡಳಿಗಳು ನಡೆಸುವ ಶಾಲೆಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಗಳಲ್ಲಿ ಕೆಲವು ವರ್ಷಗಳಿಂದ 'ಸ್ಮಾರ್ಟ್ ತರಗತಿ ಉದ್ಘಾಟನೆ' ಎಂಬ ಸಾಲು ಕಾಣಿಸಿಕೊಳ್ಳುತ್ತಿದೆ. ದಾನಿಗಳ ಹೆಸರಿರುತ್ತದೆ, ಗಲ್ಫ್‌ನಿಂದ ಬಂದ ಅತಿಥಿಗಳ ಹೆಸರಿರುತ್ತದೆ. ಆ ಬೋರ್ಡಿನ ಮುಂದೆ ನಿಂತು ಪಾಠ ಮಾಡಬೇಕಾದ ಅಧ್ಯಾಪಿಕೆಯ ಹೆಸರು ಮಾತ್ರ ಇರುವುದಿಲ್ಲ. ಉಪಕರಣ ಮಾರಿದ ಕಂಪೆನಿಯವರು ಅರ್ಧ ದಿನ ಬಂದು ಯಾವ ಗುಂಡಿ ಒತ್ತಬೇಕೆಂದು ಹೇಳಿ ಹೋದರೆ ತರಬೇತಿ ಮುಗಿಯಿತೆಂದು ನಾವು ಭಾವಿಸುತ್ತೇವೆ.

ಇಪ್ಪತ್ತು ವರ್ಷ ಪಾಠ ಮಾಡಿದ ಅಧ್ಯಾಪಿಕೆಗೆ ಕಂಪ್ಯೂಟರ್ ಅಂಟದು, ಆ ಕೆಲಸಕ್ಕೆ ಹೊಸ ಹುಡುಗರೇ ಸರಿ ಎಂಬ ಮಾತು ನಮ್ಮ ಸಭೆಗಳಲ್ಲಿ ಸಾಮಾನ್ಯ. ನಮ್ಮ ದೃಷ್ಟಿಯಲ್ಲಿ ಇದು ತಲೆಕೆಳಗಾದ ವಾದ. ಭಿನ್ನರಾಶಿಯ ಲೆಕ್ಕದಲ್ಲಿ ಮಗು ಎಲ್ಲಿ ಎಡವುತ್ತದೆ, ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಆಡುವ ಮಗು ಕನ್ನಡದ ಯಾವ ವಾಕ್ಯದ ಮುಂದೆ ತಬ್ಬಿಬ್ಬಾಗುತ್ತದೆ ಎಂಬುದು ಯಂತ್ರ ಬಲ್ಲ ಹುಡುಗನಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ಆ ಅಧ್ಯಾಪಿಕೆಗೆ. ಆ ಎಡವುವಿಕೆಗೆ ಯಾವ ಸಾಧನ ನೆರವಾದೀತು, ಯಾವುದು ಬರೀ ಬಣ್ಣದ ಚಿತ್ರ ಎಂದು ತೂಗಿ ನೋಡುವ ವಿದ್ಯೆಯೇ ಶೈಕ್ಷಣಿಕ ತಂತ್ರಜ್ಞಾನ. ಅನುಭವವಿಲ್ಲದವರು ಅದನ್ನು ಓದಿದರೆ ಪರೀಕ್ಷೆ ಪಾಸಾಗಬಹುದು. ಅನುಭವಸ್ಥರು ಓದಿದರೆ ತರಗತಿಯೇ ಬದಲಾಗುತ್ತದೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಾವು ಕಂಡದ್ದೇನು? ಪಾಠ ವಾಟ್ಸ್‌ಆ್ಯಪ್‌ಗೆ ಇಳಿಯಿತು. ಪುಸ್ತಕದ ಪುಟದ ಫೋಟೋ, ಹಿಂದೆಯೇ 'ಬರೆದು ಕಳುಹಿಸಿ' ಎಂಬ ಸೂಚನೆ. ಅಧ್ಯಾಪಕರನ್ನು ದೂರಿ ಫಲವಿಲ್ಲ, ಅವರಿಗೆ ಯಾರೂ ಕಲಿಸಿರಲಿಲ್ಲ. ಸರಕಾರ 2017ರಲ್ಲಿ ದೀಕ್ಷಾ ವೇದಿಕೆಯನ್ನೂ 2019ರಲ್ಲಿ ನಿಷ್ಠಾ ತರಬೇತಿಯನ್ನೂ ಆರಂಭಿಸಿತ್ತು, ನಿಜ. ಆದರೆ ಕೆಲವು ಗಂಟೆಗಳ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯುವುದು ಬೇರೆ, ಒಂದೆರಡು ವರ್ಷ ಕುಳಿತು ಓದಿ, ತನ್ನದೇ ತರಗತಿಯಲ್ಲಿ ಪ್ರಯೋಗ ಮಾಡಿ, ಸೋತದ್ದನ್ನೂ ಗೆದ್ದದ್ದನ್ನೂ ಬರೆಯುವುದು ಬೇರೆ.

ಯಂತ್ರ ನಡೆಸುವುದಷ್ಟೇ ಡಿಜಿಟಲ್ ಸಾಕ್ಷರತೆ ಎಂದುಕೊಂಡರೆ ಅದರ ಬೆಲೆ ತೆರಬೇಕಾಗುತ್ತದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಗೆ ಗೆಳೆಯನ ಊರು ನೋಡಲು ಬಂದ ಹೈದರಾಬಾದಿನ ಯುವಕರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ವದಂತಿ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರನ್ನು ತಡೆದು ಥಳಿಸಿತು. ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡರು. ಸಂದೇಶ ರವಾನಿಸಿದ ಪ್ರತಿಯೊಬ್ಬರಿಗೂ ಮೊಬೈಲ್ ಬಳಸಲು ಚೆನ್ನಾಗಿ ಬರುತ್ತಿತ್ತು. ಬಾರದಿದ್ದುದು, ಬಂದದ್ದನ್ನು ನಂಬುವ ಮುನ್ನ ನಿಂತು ಪ್ರಶ್ನಿಸುವುದು. ನೆರೆಯ ಕಣ್ಣೂರಿನಲ್ಲಿ ಅದೇ ಸುಮಾರಿಗೆ ಜಿಲ್ಲಾಧಿಕಾರಿ ಮೀರ್ ಮುಹಮ್ಮದ್ ಅಲಿಯವರು ಸುಮಾರು 150 ಸರಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಹೇಳಿಸಿದ್ದರು. ಮೊದಲು ಕಲಿತವರು ಅಲ್ಲಿಯೂ ಅಧ್ಯಾಪಕರೇ. ಕೃತಕ ಬುದ್ಧಿಮತ್ತೆ ಯಾರ ಮುಖಕ್ಕೂ ಯಾರ ಮಾತನ್ನೂ ಅಂಟಿಸಬಲ್ಲ ಈ ದಿನಗಳಲ್ಲಿ ಆ ಪಾಠ ಇನ್ನಷ್ಟು ಕಠಿಣವಾಗಿದೆ, ಮೂರು ದಿನಗಳ ಶಿಬಿರಕ್ಕೆ ದಕ್ಕುವಂಥದ್ದಲ್ಲ.

ಕೇರಳ 2001ರಲ್ಲೇ ಐಟಿ@ಸ್ಕೂಲ್ ಯೋಜನೆ ಆರಂಭಿಸಿ, ಶಾಲಾ ಅಧ್ಯಾಪಕರನ್ನೇ ತರಬೇತುದಾರರನ್ನಾಗಿ ಬೆಳೆಸಿತು. ದೇಶದ ಸ್ಥಿತಿಯಾದರೋ, 2023-24ರ ಯುಡೈಸ್ ವರದಿಯಂತೆ ಕೆಲಸ ಮಾಡುವ ಕಂಪ್ಯೂಟರ್ ಇದ್ದ ಶಾಲೆಗಳು ಶೇ. 57, ಇಂಟರ್‌ನೆಟ್ ಇದ್ದವು ಶೇ. 54ರಷ್ಟು. ನಮ್ಮ ಆಳುವವರಿಗೆ ಟ್ಯಾಬ್ಲೆಟ್ ಹಂಚುವ ಉತ್ಸಾಹವಿದೆ. ಹಂಚಿದ್ದು ಫೋಟೋದಲ್ಲಿ ಕಾಣುತ್ತದೆ. ಅಧ್ಯಾಪಕರಿಗೆ ಒಂದು ವರ್ಷದ ವೇತನಸಹಿತ ರಜೆ ಕೊಟ್ಟರೆ ಯಾವ ಫೋಟೋದಲ್ಲಿ ಕಂಡೀತು?

ಓದುವ ದಾರಿಗಳಿಲ್ಲವೆಂದಲ್ಲ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಶೈಕ್ಷಣಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನು ದೂರಶಿಕ್ಷಣದಲ್ಲೇ ರೂಪಿಸಿತು. ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯಕ್ಕೇ ಪ್ರತ್ಯೇಕ ವಿಭಾಗವಿದೆ. ಉರ್ದು ಮಾಧ್ಯಮದ ಅಧ್ಯಾಪಕರಿಗೆ ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯದಲ್ಲಿ ವೃತ್ತಿಪರ ಅಭಿವೃದ್ಧಿಯ ಕೇಂದ್ರವೇ ಇದೆ. ಬೀದರಿನಲ್ಲಿ ಅದರ ಶಿಕ್ಷಕ ಶಿಕ್ಷಣ ಕಾಲೇಜೂ ಇದೆ.

ಅಡ್ಡಿಯಿರುವುದು ನಮ್ಮಲ್ಲಿ. ಖಾಸಗಿ ಶಾಲೆಯ ಅಧ್ಯಾಪಿಕೆಯ ಸಂಬಳ ಎಷ್ಟೆಂದು ಆಡಳಿತ ಮಂಡಳಿಗಳೇ ಬಲ್ಲವು. ಶುಲ್ಕ, ಪುಸ್ತಕ, ಪರೀಕ್ಷೆಯ ಪ್ರಯಾಣ ಎಲ್ಲವನ್ನೂ ಅದರಿಂದಲೇ ಭರಿಸಬೇಕು. ಮನೆಗೆ ಬಂದರೆ ಅಡುಗೆ, ಮಕ್ಕಳು, ಅತ್ತೆ-ಮಾವನ ಔಷಧ. ನಲ್ವತ್ತರಲ್ಲಿ ಇನ್ನೇನು ಓದು ಎಂದು ಕೇಳುವ ಗಂಡಂದಿರೂ ಇದ್ದಾರೆ. ಅವರೇ ಅಂಗಡಿಯ ಲೆಕ್ಕಕ್ಕೆ ಹೊಸ ಸಾಫ್ಟ್‌ವೇರ್ ಕಲಿಯುವಾಗ ವಯಸ್ಸು ಅಡ್ಡ ಬರುವುದಿಲ್ಲ.

ಓದಿ ಮುಗಿಸಿದವರು ಹೆಚ್ಚು ಸಂಬಳದ ಶಾಲೆಗೆ ಹೋಗಿಬಿಡುತ್ತಾರೆ ಎಂಬ ಆಡಳಿತ ಮಂಡಳಿಯ ಅಳುಕು ಸುಳ್ಳಲ್ಲ, ಕೆಲವರು ಹೋಗುತ್ತಾರೆ. ಓದಿದ ಮೇಲೂ ಹಳೆಯ ಸಂಬಳವನ್ನೇ ಕೊಟ್ಟರೆ ಹೋಗದೆ ಏನು ಮಾಡಬೇಕು? ಶುಲ್ಕವನ್ನು ಶಾಲೆ ಭರಿಸಲಿ, ಮೂರು ವರ್ಷ ಇಲ್ಲೇ ದುಡಿಯುವ ಲಿಖಿತ ಒಪ್ಪಂದವಿರಲಿ, ಪದವಿ ಬಂದ ತಿಂಗಳಿನಿಂದಲೇ ವೇತನ ಏರಲಿ. ವರ್ಷಕ್ಕೆ ಒಬ್ಬರೋ ಇಬ್ಬರೋ ಸಾಕು. ಮುಂದಿನ ಸ್ಮಾರ್ಟ್ ಬೋರ್ಡಿಗೆ ಹಣ ಕೊಡಲು ಮುಂದೆ ಬರುವ ದಾನಿಗಳ ಮುಂದೆ ಈ ಪಟ್ಟಿಯನ್ನೇ ಇಡಬಹುದು. ಹೆತ್ತವರ ಸಭೆಯಲ್ಲಿ ನಾವೂ ಈ ಸಲ ಎಷ್ಟು ಬೋರ್ಡ್ ಬಂತೆಂದು ಕೇಳುವ ಬದಲು, ಎಷ್ಟು ಮಂದಿ ಅಧ್ಯಾಪಿಕೆಯರನ್ನು ಓದಲು ಕಳುಹಿಸಿದ್ದೀರಿ ಎಂದು ಕೇಳೋಣ.