ಹಿಂದಿನ ಕೋಣೆಗೂ ವೈಫೈ

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬುದು ಬಳ್ಳಾರಿ ಸೀಮೆಯ ಹಳೆಯ ಮಾತು. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಯನ್ನು ಮೆಚ್ಚಿ ಹುಟ್ಟಿದ ಈ ಮಾತು, ಇಂದು ಆ ಸೀಮೆಯ ಮನೆಗಳ ಇಂಟರ್‌ನೆಟ್ಟಿಗೂ ಹೊಂದುತ್ತದೆ. ಬೀದಿಯವರೆಗೆ ಎಲ್ಲವೂ ಸರಿಯಾಗಿ ಬಂದಿರುತ್ತದೆ. ತೊಡಕು ಇರುವುದು ಹೊಸ್ತಿಲು ದಾಟಿದ ಮೇಲೆ.

ಫೈಬರ್ ತಂತಿ ಎಳೆಯಲು ಬಂದವರು ಸಾಮಾನ್ಯವಾಗಿ ಮುಂಬಾಗಿಲ ಪಕ್ಕದಲ್ಲೇ ರಂಧ್ರ ಕೊರೆದು, ಪಡಸಾಲೆಯ ಗೋಡೆಗೆ ಪೆಟ್ಟಿಗೆ ತೂಗುಹಾಕಿ ಹೋಗುತ್ತಾರೆ. ಟಿ.ವಿ. ಇರುವುದು ಅಲ್ಲೇ, ಬಂದವರು ಹೋದವರು ಕೂರುವುದೂ ಅಲ್ಲೇ. ಪಿಯುಸಿ ಓದುವ ಮಗಳಿಗೆ ಬೇಕಾದ ನಿಶ್ಶಬ್ದ ಇರುವುದು ಮಾತ್ರ ನಡುಮನೆ ದಾಟಿದ ಮೇಲಿನ ಹಿಂದಿನ ಕೋಣೆಯಲ್ಲಿ. ಸಿಗ್ನಲ್ ಇರುವಲ್ಲಿ ಗದ್ದಲ, ಗದ್ದಲ ಇಲ್ಲದಲ್ಲಿ ಸಿಗ್ನಲ್ ಇಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಮನೆಯೊಳಗೇ ಹೊಸ್ತಿಲ ಮೇಲೆ ಕುಳಿತು ಪಾಠ ಕೇಳುವವರ ಚಿತ್ರವನ್ನು ಯಾರೂ ತೆಗೆಯುವುದಿಲ್ಲ.

ಇಂಥ ಸಂದರ್ಭದಲ್ಲಿ ತಂದೆತಾಯಿಗಳಿಗೆ ಮೊದಲು ಹೊಳೆಯುವ ಉಪಾಯ ಇನ್ನೂ ದೊಡ್ಡ ರೂಟರ್ ಕೊಳ್ಳುವುದು. ಅಂಗಡಿಯಲ್ಲಿ ನಾಲ್ಕು, ಆರು ಕೊಂಬುಗಳ ಪೆಟ್ಟಿಗೆ ತೋರಿಸಿದರಂತೂ ನಂಬಿಕೆ ಗಟ್ಟಿಯಾಗುತ್ತದೆ. ಕೈಯಿಂದ ಹಣ ಜಾರುವುದು ಇಲ್ಲೇ. ವೈಫೈ ಎಂಬುದು ಎರಡು ಕಡೆಯ ಸಂಭಾಷಣೆ. ರೂಟರ್ ಹೇಳಿದ್ದು ಫೋನಿಗೆ ಕೇಳಬೇಕು, ಫೋನ್ ಹೇಳಿದ್ದು ರೂಟರಿಗೂ ಕೇಳಬೇಕು. ಜಾತ್ರೆಯ ಧ್ವನಿವರ್ಧಕದಿಂದ ಕೂಗಿದ್ದು ಊರಾಚೆಯ ಹೊಲದಲ್ಲಿರುವವನಿಗೂ ಕೇಳುತ್ತದೆ; ಅವನು ಅಲ್ಲಿಂದ ‘ಓ’ ಎಂದರೆ ಜಾತ್ರೆಯವರಿಗೆ ಕೇಳುವುದೇ? ಫೋನಿನ ಬ್ಯಾಟರಿ ಚಿಕ್ಕದು, ಆಂಟೆನಾ ಚಿಕ್ಕದು, ದನಿಯೂ ಸಣ್ಣದು. ರೂಟರ್ ಎಷ್ಟು ಜೋರಾಗಿ ಕೂಗಬಹುದೆಂಬುದಕ್ಕೂ ಸರ್ಕಾರದ ಮಿತಿಯಿದೆ. ಕೊಂಬು ಎಷ್ಟೇ ಇರಲಿ, ಆ ಮಿತಿ ಮೀರುವಂತಿಲ್ಲ.

ಇನ್ನು ಗೋಡೆ. ಈ ಭಾಗದ ಹಳೆಯ ಮಾಳಿಗೆ ಮನೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಬಿಸಿಲನ್ನು ತಡೆಯುವಷ್ಟೇ ಚೆನ್ನಾಗಿ ವೈಫೈಯನ್ನೂ ತಡೆಯುತ್ತವೆ. ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಹರಿಯುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನದು ಅದರ ಅರ್ಧಕ್ಕೂ ಕಡಿಮೆ. ಮೊದಲನೆಯದು ನಿಧಾನವಾದರೂ ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ. ಎರಡನೆಯದು ವೇಗದ್ದು, ಆದರೆ ಒಂದು ದಪ್ಪ ಗೋಡೆಗೇ ಸೋಲುತ್ತದೆ. ಗೋಡೆಗೆ ತೇವ ಹಿಡಿದಿದ್ದರೆ ಇಬ್ಬರಿಗೂ ಕಷ್ಟ. ತಗಡಿನ ಚಾವಣಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ ಇವೆಲ್ಲ ಅಲೆಯನ್ನು ಹಿಂದಕ್ಕೆ ಅಟ್ಟುತ್ತವೆ.

ಹಾಗಾಗಿ ಹಣ ತೆಗೆಯುವ ಮೊದಲು ಫೋನ್ ಹಿಡಿದು ಮನೆ ಸುತ್ತಬೇಕು. ಮೊದಲು ಪೆಟ್ಟಿಗೆಯ ಪಕ್ಕದಲ್ಲೇ ನಿಂತು ವೇಗ ಅಳೆಯುವುದು. ಅಲ್ಲೇ ನಿಧಾನವಿದ್ದರೆ ದೋಷ ಹೊರಗಿನ ಲೈನಿನದು. ಯಾವ ಉಪಕರಣ ತಂದರೂ ಪ್ರಯೋಜನವಿಲ್ಲ. ಅಲ್ಲಿ ಸರಿಯಿದ್ದು ಒಳಗೆ ಕುಸಿದರೆ ದೋಷ ಗೋಡೆಯದು. ಸಿಗ್ನಲ್ ಬಲವನ್ನು ಅಂಕಿಯಲ್ಲಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಮೈನಸ್ 50ರ ಆಸುಪಾಸು ಇದ್ದರೆ ಸೊಗಸು, ಮೈನಸ್ 67ರವರೆಗೆ ವಿಡಿಯೊ ಪಾಠ ನಡೆಯುತ್ತದೆ, ಮೈನಸ್ 80 ಎಂದರೆ ಪಾಠ ನಿಂತಂತೆಯೇ. ಮೈನಸ್ ಇರುವುದರಿಂದ ದೊಡ್ಡ ಅಂಕಿಯೇ ಕೆಟ್ಟದ್ದು ಎಂಬುದು ನೆನಪಿರಲಿ. ಕೆಲವೊಮ್ಮೆ ಪೆಟ್ಟಿಗೆಯನ್ನು ಟಿ.ವಿ. ಹಿಂದಿನಿಂದ ಬಿಡಿಸಿ, ನಡುಮನೆಯ ಬಾಗಿಲಿಗೆ ಎದುರಾಗಿ ಎತ್ತರದಲ್ಲಿ ಇಟ್ಟರೆ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಖರ್ಚು ಒಂದು ಮೊಳೆಯದು.

ಅದೂ ಸಾಲದಾದರೆ ಅಕ್ಸೆಸ್ ಪಾಯಿಂಟ್. ಪಡಸಾಲೆಯ ಪೆಟ್ಟಿಗೆಯಿಂದ ಒಂದು ತಂತಿ ಎಳೆದು, ಹಿಂದಿನ ಕೋಣೆಯಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆಯಿಂದ ವೈಫೈ ಹೊಮ್ಮಿಸುವುದೇ ಇದರ ಮರ್ಮ. ಗೋಡೆ ದಾಟುವ ಕೆಲಸ ತಂತಿಯದಾಗುತ್ತದೆ. ಅಂಗಡಿಯವರು ಇದಕ್ಕಿಂತ ಸುಲಭವೆಂದು ರಿಪೀಟರ್ ತೋರಿಸಬಹುದು. ಅದು ಗಾಳಿಯಲ್ಲಿ ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳುವ ಯಂತ್ರ. ಒಂದೇ ಪಟ್ಟಿಯ ಅಗ್ಗದ ರಿಪೀಟರಿನಲ್ಲಿ ಕೇಳುವುದೂ ಹೇಳುವುದೂ ಸರದಿಯ ಮೇಲೆ ನಡೆಯುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಸಿಕ್ಕಿಸಿದರೆ, ಕೇಳಿಸದ್ದನ್ನು ಮತ್ತೆ ಹೇಳು ಎಂದಂತೆ. ತಂತಿ ಎಳೆಯಲು ದಾರಿಯೇ ಇಲ್ಲದ ಮನೆಗೆ ಮಾತ್ರ ಅದು ಸರಿ, ಅದೂ ನಡುದಾರಿಯಲ್ಲಿ ಇಟ್ಟರೆ.

ಅಕ್ಸೆಸ್ ಪಾಯಿಂಟ್ ಎಂದೇ ಮಾರುವ, ಚಾವಣಿಗೆ ಅಂಟುವ ದುಂಡನೆಯ ಉಪಕರಣಗಳು ಹೋಟೆಲು, ಕಾಲೇಜುಗಳಿಗೆ ತಕ್ಕವು. ಮನೆಗೆ ಸಾವಿರದಿಂದ ಎರಡು ಸಾವಿರ ರೂಪಾಯಿಯ ಒಳಗಿನ ಸಾಧಾರಣ ರೂಟರ್ ಸಾಕು. ಅದರಲ್ಲಿ ‘ಅಕ್ಸೆಸ್ ಪಾಯಿಂಟ್ ಮೋಡ್’ ಇದೆಯೇ, ಎರಡೂ ಪಟ್ಟಿಗಳಿವೆಯೇ ಎಂದು ಕೇಳಿ ಕೊಳ್ಳಬೇಕು. ಅಗ್ಗದವುಗಳ ತಂತಿಯ ಕಿಂಡಿ 100 ಎಂಬಿಪಿಎಸ್‌ಗೆ ಸೀಮಿತ. ಮನೆಯ ಯೋಜನೆ ಅದಕ್ಕಿಂತ ಕೆಳಗಿನದಾದರೆ ಹೆಚ್ಚಿನದಕ್ಕೆ ಹಣ ಸುರಿಯಬೇಕಿಲ್ಲ. ಅಟ್ಟದ ಮೇಲೆ ಹಳೆಯ ರೂಟರ್ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಅದರ ವಿಳಾಸವನ್ನು ಮುಖ್ಯ ಪೆಟ್ಟಿಗೆಯ ವಿಳಾಸಕ್ಕೆ ತಾಗದಂತೆ ಬದಲಿಸಿ, ಡಿಎಚ್‌ಸಿಪಿ ನಿಲ್ಲಿಸಿ, ತಂತಿಯನ್ನು ‘ವ್ಯಾನ್’ ಕಿಂಡಿಯ ಬದಲು ‘ಲ್ಯಾನ್’ ಕಿಂಡಿಗೆ ಹಾಕಿದರೆ ಅದೇ ಅಕ್ಸೆಸ್ ಪಾಯಿಂಟ್ ಆಗುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ, ಆದರೆ 2.4ರಲ್ಲಿ ಒಂದು ಚಾನೆಲ್ 1ರಲ್ಲಿದ್ದರೆ ಇನ್ನೊಂದು 6ರಲ್ಲೋ 11ರಲ್ಲೋ ಇರಬೇಕು. ಪಿಯುಸಿ ವಿಜ್ಞಾನದ ಹುಡುಗರಿಗೆ ಇದು ಒಂದು ಭಾನುವಾರದ ಕೆಲಸ. ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಗಿರಲಿ. ಅದಕ್ಕಿಂತ ಹಳೆಯದನ್ನಷ್ಟೇ ಬಲ್ಲ ಪೆಟ್ಟಿಗೆ ಅಟ್ಟದ ಮೇಲೇ ಇರುವುದು ಲೇಸು.

ತಂತಿಯಲ್ಲಿ ಜಿಪುಣತನ ಬೇಡ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಚ್ಚಿದ ಅಗ್ಗದ ತಂತಿ ಬೇಗ ಮುರಿಯುತ್ತದೆ. ಪೂರ್ತಿ ತಾಮ್ರದ ಕ್ಯಾಟ್-6 ಕೇಳಬೇಕು. 100 ಮೀಟರಿನವರೆಗೆ ಅದು ನಡೆಯುತ್ತದೆ, ಮನೆಗೆ 15-20 ಮೀಟರ್ ಧಾರಾಳ. ಕಲ್ಲುಗೋಡೆ ಕೊರೆಯುವ ಸಾಹಸವೂ ಬೇಕಿಲ್ಲ, ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಹಾಯಿಸಬಹುದು. ಮಾಳಿಗೆಯ ಮೇಲೆ ಬಯಲಿನಲ್ಲಿ ಮಾತ್ರ ಎಳೆಯಬಾರದು. ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಆ ತಂತಿಯ ಎರಡೂ ತುದಿಯ ಪೆಟ್ಟಿಗೆಗಳು ಸುಟ್ಟುಹೋಗಬಹುದು.

ಕೊನೆಗೆ ಕರೆಂಟು. ಈಗ ಪೆಟ್ಟಿಗೆಗಳು ಎರಡಾಗಿವೆ. ಒಂದಕ್ಕೆ ಮಾತ್ರ ಬ್ಯಾಟರಿಯಿದ್ದರೆ ಹಿಂದಿನ ಕೋಣೆಯ ಪಾಠ ಅರ್ಧಕ್ಕೇ ನಿಲ್ಲುತ್ತದೆ. ರೂಟರಿಗೆಂದೇ ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ಎರಡಕ್ಕೂ ಬೇಕು. ಕೊಳ್ಳುವಾಗ ಎರಡೂ ಅಡಾಪ್ಟರುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅವುಗಳ ಮೇಲೆ ಬರೆದ ವೋಲ್ಟು ತಾಳೆ ನೋಡಿಯೇ ತರಬೇಕು. ಕೆಲವು ರೂಟರುಗಳು 9 ವೋಲ್ಟಿನವೂ ಇರುತ್ತವೆ.