ಒಂದಕ್ಷರದ ಅಂತರ: ಸುದ್ದಿಯ ಕನ್ನಡ ಮತ್ತು ಸಾರ್ವಜನಿಕ ಗೌರವ

ಕನ್ನಡ ವಾಕ್ಯದ ಕೊನೆಗೆ ಬರುವ ಕ್ರಿಯಾಪದವು ನಡೆದ ಸಂಗತಿಯನ್ನು ಹೇಳುವುದರ ಜೊತೆಗೆ, ಯಾರ ಬಗ್ಗೆ ಮಾತು ನಡೆಯುತ್ತಿದೆಯೋ ಅವರ ಸಾಮಾಜಿಕ ಸ್ಥಾನವನ್ನೂ ತಿಳಿಸಿಬಿಡುತ್ತದೆ. ‘ಮೃತಪಟ್ಟಿದ್ದಾನೆ’ ಮತ್ತು ‘ಮೃತಪಟ್ಟಿದ್ದಾರೆ’ ಎಂಬ ಎರಡು ರೂಪಗಳ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಸಾವಿನ ಸಂಗತಿ ಎರಡರಲ್ಲಿಯೂ ಒಂದೇ. ಸತ್ತವರ ಬೆಲೆ ಮಾತ್ರ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಬರೆಯುವ ವರದಿಗಾರರಿಗೆ ಈ ಆಯ್ಕೆಯ ಹೊಣೆ ಇಲ್ಲ. ಆ ಭಾಷೆಯ ಕ್ರಿಯಾಪದ ಮಂತ್ರಿಗೂ ಕೂಲಿಯವರಿಗೂ ಸಮಾನ. ಕನ್ನಡದಲ್ಲಿ ಬರೆಯುವವರು ಮಾತ್ರ ಪ್ರತಿ ವಾಕ್ಯದಲ್ಲಿಯೂ ತೀರ್ಪೊಂದನ್ನು ಕೊಡುತ್ತಲೇ ಹೋಗಬೇಕಾಗುತ್ತದೆ. ಆ ತೀರ್ಪು ಅಭ್ಯಾಸಬಲದಿಂದ ಬರುವುದರಿಂದ ಅದು ತೀರ್ಪೆಂದು ಯಾರಿಗೂ ತೋರುವುದಿಲ್ಲ. ಕನ್ನಡದ ಸಾರ್ವಜನಿಕ ಬದುಕಿನಲ್ಲಿ ಸಮಾನತೆಯ ಸ್ಥಿತಿಗತಿಯನ್ನು ಅರಿಯಲು ಈ ಅಭ್ಯಾಸದ ಪರಿಶೀಲನೆ ಅಗತ್ಯವಾಗಿದೆ.

ದಿನಪತ್ರಿಕೆಯ ಯಾವುದೇ ಪುಟವನ್ನು ಈ ದೃಷ್ಟಿಯಿಂದ ಓದಿದರೆ ಒಂದು ಅಲಿಖಿತ ವ್ಯಾಕರಣ ಗೋಚರಿಸುತ್ತದೆ. ಶಾಸಕರು ಭೇಟಿ ನೀಡುತ್ತಾರೆ, ನಟರು ಹೇಳುತ್ತಾರೆ, ಆಟಗಾರರು ಶತಕ ಬಾರಿಸುತ್ತಾರೆ. ಅದೇ ಪುಟದ ಮೂಲೆಯಲ್ಲಿ ಕಟ್ಟಡದಿಂದ ಬಿದ್ದ ಕಾರ್ಮಿಕ ‘ಮೃತಪಟ್ಟಿದ್ದಾನೆ’, ಸಾಲಬಾಧೆಗೆ ಸಿಲುಕಿದ ರೈತ ‘ನೇಣಿಗೆ ಶರಣಾಗಿದ್ದಾನೆ’, ಕಿರುಕುಳಕ್ಕೆ ಗುರಿಯಾದ ಗೃಹಿಣಿ ‘ದೂರು ನೀಡಿದ್ದಾಳೆ’. ಉದ್ಯಮಿಯದು ‘ನಿಧನ’ವಾದರೆ ಕೂಲಿಯವರದು ‘ಸಾವು’. ಎಲ್ಲ ಪತ್ರಿಕೆಗಳೂ ಎಲ್ಲ ಸಂದರ್ಭಗಳಲ್ಲೂ ಹೀಗೆಯೇ ಬರೆಯುತ್ತವೆ ಎನ್ನಲಾಗದು. ಬಹುವಚನವನ್ನು ಎಚ್ಚರದಿಂದ ಬಳಸುವ ಸಂಪಾದಕರೂ ಇದ್ದಾರೆ. ಆದರೆ ಗೌರವದ ಕ್ರಿಯಾಪದವು ಅಧಿಕಾರ, ಸಂಪತ್ತು, ಪ್ರಸಿದ್ಧಿಗಳನ್ನು ಅನುಸರಿಸಿ ಹಂಚಿಕೆಯಾಗುತ್ತದೆ ಎಂಬುದನ್ನು ಸಾಮಾನ್ಯ ಓದುಗರೂ ಬಲ್ಲರು.

ಹಾಗೆಂದು ಏಕವಚನವೇ ಅವಮಾನಕಾರಿ ಎಂದು ಭಾವಿಸುವುದು ತಪ್ಪಾದೀತು. ಕನ್ನಡದ ಪರಂಪರೆ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಕೊಡುತ್ತದೆ. ಪಂಪ, ಕುಮಾರವ್ಯಾಸರ ಕಾವ್ಯಗಳಲ್ಲಿ ಅರಸರೂ ದೇವರೂ ಏಕವಚನದಲ್ಲಿಯೇ ಸಂಚರಿಸುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಇಷ್ಟದೈವವನ್ನು ‘ನೀನು’ ಎಂದೇ ಕರೆದರು. ಆ ಸಲುಗೆಯಲ್ಲಿಯೇ ಅವರ ಭಕ್ತಿಯ ತೀವ್ರತೆ ಅಡಗಿದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಬಾರಪ್ಪ’, ‘ಕೂತ್ಕೊಳ್ಳವ್ವ’ ಎಂಬ ಮಾತಿನಲ್ಲಿ ಇರುವ ಆದರ ಎಷ್ಟೋ ಶಿಷ್ಟ ಬಹುವಚನಗಳಲ್ಲಿ ಇರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ‘ರೀ’ ಎಂಬ ಒಂದು ಪ್ರತ್ಯಯ ಜಗಳದ ನಡುವೆಯೂ ಮರ್ಯಾದೆಯನ್ನು ಕಾಯುತ್ತದೆ. ಆದ್ದರಿಂದ ರೂಪವೊಂದನ್ನೇ ನೋಡಿ ಅದರ ಹಿಂದಿನ ಮನೋಭಾವವನ್ನು ನಿರ್ಣಯಿಸಲಾಗದು.

ಇಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್‌ಮನ್ ಅವರು 1960ರಲ್ಲಿ ಪ್ರಕಟಿಸಿದ ಅಧ್ಯಯನ ನೆರವಿಗೆ ಬರುತ್ತದೆ. ಯುರೋಪಿನ ಭಾಷೆಗಳ ಮಧ್ಯಮ ಪುರುಷ ಸರ್ವನಾಮಗಳನ್ನು ಪರಿಶೀಲಿಸಿದ ಅವರು ಅಧಿಕಾರ ಮತ್ತು ಆಪ್ತತೆ ಎಂಬ ಎರಡು ತತ್ತ್ವಗಳನ್ನು ಗುರುತಿಸಿದರು. ಇಬ್ಬರೂ ಪರಸ್ಪರ ಒಂದೇ ರೂಪವನ್ನು ಬಳಸಿದರೆ ಅದು ಸಮಾನರ ಮಾತು. ಒಬ್ಬರು ಏಕವಚನವನ್ನು ಕೊಟ್ಟು ಬಹುವಚನವನ್ನು ಪಡೆದರೆ ಅದು ಅಧಿಕಾರದ ಮಾತು. ಕನ್ನಡಕ್ಕೂ ಈ ಒರೆಗಲ್ಲು ಹೊಂದುತ್ತದೆ. ಗೆಳೆಯರಿಬ್ಬರ ‘ನೀನು’ ಹಿಂದಿರುಗಿ ಬರುವ ಮಾತು. ಕಚೇರಿಯ ಮೇಜಿನ ಆಚೆಯಿಂದ ವೃದ್ಧ ರೈತರ ಕಡೆಗೆ ಬರುವ ‘ನೀನು’ ಹಿಂದಿರುಗಲಾರದು. ಹಿಂದಿರುಗಿದರೆ ಕಡತ ಮುಂದೆ ಸಾಗುವುದಿಲ್ಲ. ಪತ್ರಿಕೆಯ ಏಕವಚನವೂ ಇಂಥದೇ. ಸತ್ತ ಕಾರ್ಮಿಕರೊಡನೆ ವರದಿಗಾರರಿಗೆ ಸಲುಗೆ ಇರಲಿಲ್ಲ, ಪರಿಚಯವೂ ಇರಲಿಲ್ಲ. ಆಪ್ತತೆ ಇಲ್ಲದ ಕಡೆ ಬಳಕೆಯಾಗುವ ಏಕವಚನಕ್ಕೆ ಅಧಿಕಾರವನ್ನು ಬಿಟ್ಟು ಬೇರೆ ಆಧಾರವಿರಲಾರದು.

ರಾಜಕೀಯ ವಲಯದಲ್ಲಿ ಏಕವಚನ ಆಗಾಗ ದೊಡ್ಡ ಸುದ್ದಿಯಾಗುತ್ತದೆ. 2024ರ ಜನವರಿಯಲ್ಲಿ ಆಗ ಉತ್ತರ ಕನ್ನಡದ ಲೋಕಸಭಾ ಸದಸ್ಯರಾಗಿದ್ದ ಅನಂತಕುಮಾರ ಹೆಗಡೆ ಅವರು ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರನ್ನು ಏಕವಚನದಲ್ಲಿ ಟೀಕಿಸಿದ್ದು ತೀವ್ರ ಖಂಡನೆಗೆ ಗುರಿಯಾಯಿತು. ಅದೇ ತಿಂಗಳ ಕೊನೆಯಲ್ಲಿ ಚಿತ್ರದುರ್ಗದ ಸಮಾವೇಶದಲ್ಲಿ ಸಿದ್ದರಾಮಯ್ಯ ಅವರು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರನ್ನು ಏಕವಚನದಲ್ಲಿ ಉಲ್ಲೇಖಿಸಿದರು. ವಿರೋಧ ವ್ಯಕ್ತವಾದಾಗ ವಿಷಾದ ಸೂಚಿಸಿದರು. ಎರಡೂ ಪ್ರಸಂಗಗಳನ್ನು ಮಾಧ್ಯಮಗಳು ವಿಸ್ತಾರವಾಗಿ ಚರ್ಚಿಸಿದವು. ಉನ್ನತ ಹುದ್ದೆಯಲ್ಲಿರುವವರ ಬಗೆಗಿನ ಮಾತು ಸಂಯಮದಿಂದ ಕೂಡಿರಬೇಕೆಂಬ ಅಪೇಕ್ಷೆ ನ್ಯಾಯವಾದದ್ದೇ. ಆದರೆ ಈ ಚರ್ಚೆ ಒಂದು ವಿಪರ್ಯಾಸವನ್ನು ಬಯಲಿಗೆ ತಂದಿತು. ವೇದಿಕೆಯಿಂದ ಹೊರಟ ಒಂದು ಏಕವಚನವನ್ನು ನಾಡಿನ ಮರ್ಯಾದೆಯ ಪ್ರಶ್ನೆಯನ್ನಾಗಿ ಮಾಡಿದ ಸುದ್ದಿಮನೆಗಳಲ್ಲಿಯೇ ಅಂದಿನ ಅಪಘಾತದ ವರದಿ, ಅಂದಿನ ಆತ್ಮಹತ್ಯೆಯ ವರದಿ ಎಂದಿನ ಏಕವಚನದಲ್ಲಿ ಸಿದ್ಧವಾಗುತ್ತಿದ್ದವು. ಅವಕ್ಕೆ ಖಂಡನೆಯೂ ಇಲ್ಲ, ವಿಷಾದವೂ ಇಲ್ಲ. ಅಂದರೆ ಸಮಾಜ ಕಾಯುತ್ತಿರುವುದು ಮನುಷ್ಯರ ಗೌರವವನ್ನಲ್ಲ, ಸ್ಥಾನದ ಗೌರವವನ್ನು.

ಈ ಮನೋಭಾವಕ್ಕೆ ದೀರ್ಘವಾದ ಇತಿಹಾಸವಿದೆ. ಮೇಲ್ಜಾತಿಯ ಮನೆಯ ಮಗುವೂ ಕೇರಿಯ ಹಿರಿಯರನ್ನು ಏಕವಚನದಲ್ಲಿ ಕರೆಯಬಹುದಾಗಿದ್ದ, ಆ ಹಿರಿಯರು ಮಗುವಿಗೂ ಬಹುವಚನದಲ್ಲಿ ಉತ್ತರಿಸಬೇಕಾಗಿದ್ದ ವ್ಯವಸ್ಥೆ ಬಹಳ ಹಿಂದಿನದಲ್ಲ. ದಲಿತ ಬರಹಗಾರರ ಆತ್ಮಕಥನಗಳು ಜಾತಿಯ ಅವಮಾನ ದಿನನಿತ್ಯದ ನಡೆನುಡಿಯಲ್ಲಿ ಹೇಗೆ ನೆಲೆಸಿರುತ್ತದೆಂಬುದನ್ನು ಕನ್ನಡ ಓದುಗರಿಗೆ ಮನಗಾಣಿಸಿವೆ. ಭಾರತದ ಸಂವಿಧಾನವು 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 18ನೆಯ ವಿಧಿಯಲ್ಲಿ ಬಿರುದುಗಳನ್ನು ರದ್ದುಪಡಿಸಿತು. ಬ್ರಿಟಿಷರ ಕಾಲದ ‘ರಾವ್ ಬಹದ್ದೂರ್’ ಹೋಯಿತು, ಮೈಸೂರು ಸಂಸ್ಥಾನದ ‘ರಾಜಸೇವಾಸಕ್ತ’ವೂ ಹೋಯಿತು. ಆದರೆ ಹೆಸರಿನ ಹಿಂದಿನ ಬಿರುದನ್ನು ತೆಗೆಯುವಷ್ಟು ಸುಲಭವಾಗಿ ಕ್ರಿಯಾಪದದ ಕೊನೆಯ ಬಿರುದನ್ನು ತೆಗೆಯಲು ಯಾವ ವಿಧಿಗೂ ಸಾಧ್ಯವಾಗದು.

ಕಳೆದ ಕೆಲವು ದಶಕಗಳಲ್ಲಿ ಕನ್ನಡದ ನಾಮಪದಗಳು ಸಾಕಷ್ಟು ಸುಧಾರಿಸಿವೆ ಎಂಬುದು ಗಮನಾರ್ಹ. ಊರು ಗುಡಿಸುವವರು ‘ಪೌರಕಾರ್ಮಿಕ’ರಾದರು. ಅಂಗವೈಕಲ್ಯವನ್ನು ಸೂಚಿಸುತ್ತಿದ್ದ ಕಟುವಾದ ಪದಗಳ ಬದಲು ‘ವಿಕಲಚೇತನ’ ಎಂಬ ಪದ ಬಂದಿತು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಮಾತು ಬಳಕೆಗೆ ಬಂದಿತು. ಇವುಗಳನ್ನು ನಾಡಿನ ಮೂಲೆಮೂಲೆಗೆ ತಲುಪಿಸಿದ್ದು ಪತ್ರಿಕೆಗಳೇ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ದೊಂದಿಗೆ ಆರಂಭವಾದ ಕನ್ನಡ ಪತ್ರಿಕೋದ್ಯಮ ಬೇರೆಬೇರೆ ಪ್ರಾಂತಗಳ ಜನರು ಸಮಾನವಾಗಿ ಓದಬಲ್ಲ ಗದ್ಯವೊಂದು ರೂಪುಗೊಳ್ಳಲು ಮಹತ್ತ್ವದ ಕೊಡುಗೆ ನೀಡಿದೆ. ಅಂಥ ಸಾಮರ್ಥ್ಯವಿರುವ ಪತ್ರಿಕೆಗಳಲ್ಲಿ ‘ಪೌರಕಾರ್ಮಿಕ ಮೃತಪಟ್ಟಿದ್ದಾನೆ’ ಎಂಬ ವಾಕ್ಯ ಇಂದಿಗೂ ಸಹಜವೆನಿಸುತ್ತದೆ. ನಾಮಪದ ಮುಂದೆ ಹೋಯಿತು, ಕ್ರಿಯಾಪದ ಹಿಂದೆ ಉಳಿಯಿತು.

ಆರೋಪಿಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಆರೋಪ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎಂಬುದು ನ್ಯಾಯಶಾಸ್ತ್ರದ ಮೂಲತತ್ತ್ವ. ಬಂಧನವಾದ ದಿನವೇ ಹೆಸರಿನ ಜೊತೆಗಿದ್ದ ‘ಅವರು’ ಕಳಚಿಬಿದ್ದರೆ ವಿಚಾರಣೆಗೆ ಮುನ್ನವೇ ಶಿಕ್ಷೆಯ ಒಂದು ಅಂಶ ಜಾರಿಯಾದಂತೆ. ಇಪ್ಪತ್ತನಾಲ್ಕು ಗಂಟೆಯೂ ಸುದ್ದಿ ಬಿತ್ತರಿಸುವ ವಾಹಿನಿಗಳ ಅಪರಾಧ ಕಾರ್ಯಕ್ರಮಗಳಲ್ಲಿ ಏಕವಚನ ಒಂದು ಶೈಲಿಯೇ ಆಗಿಹೋಗಿದೆ. ಇಲ್ಲಿಯೂ ಹಂಚಿಕೆ ಸಮಾನವಲ್ಲ. ಭ್ರಷ್ಟಾಚಾರದ ಆರೋಪ ಹೊತ್ತ ಅಧಿಕಾರಿ ‘ಸಿಕ್ಕಿಬಿದ್ದಿದ್ದಾರೆ’, ಸರಗಳ್ಳತನದ ಆರೋಪ ಹೊತ್ತ ಯುವಕ ‘ಸಿಕ್ಕಿಬಿದ್ದಿದ್ದಾನೆ’. ಆರೋಪದ ಗುರುತ್ವಕ್ಕಿಂತ ಆರೋಪಿಯ ಅಂತಸ್ತೇ ಪ್ರತ್ಯಯವನ್ನು ನಿರ್ಧರಿಸುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಪೊಲೀಸರು ಮಾಧ್ಯಮಗಳಿಗೆ ಮಾಹಿತಿ ಕೊಡುವ ಕ್ರಮದ ಬಗ್ಗೆ ಮಾರ್ಗಸೂಚಿ ರೂಪಿಸುವಂತೆ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿದಾಗ ಮಾಧ್ಯಮ ವಿಚಾರಣೆಯ ಅಪಾಯವನ್ನು ಗಮನಕ್ಕೆ ತಂದಿತ್ತು. ಕನ್ನಡದ ಮಟ್ಟಿಗೆ ಆ ಅಪಾಯ ಮಾಹಿತಿಯಲ್ಲಿ ಮಾತ್ರವಲ್ಲ, ವ್ಯಾಕರಣದಲ್ಲಿಯೂ ಇದೆ.

ಬಹುವಚನವನ್ನು ಎಲ್ಲರಿಗೂ ವಿಸ್ತರಿಸುವುದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು ಸ್ಪಷ್ಟತೆಯದು: ಒಬ್ಬರೋ ಹಲವರೋ ಎಂಬುದು ತಿಳಿಯದೆ ಹೋಗುತ್ತದೆ ಎಂಬ ವಾದ. ಮಂತ್ರಿಗಳ ವಿಷಯದಲ್ಲಿ ಇಂಥ ಗೊಂದಲ ಎಂದೂ ಆಗಿಲ್ಲ. ‘ಕಾರ್ಮಿಕರೊಬ್ಬರು’ ಎಂಬ ಪ್ರಯೋಗ ಸಂಖ್ಯೆಯನ್ನೂ ಗೌರವವನ್ನೂ ಏಕಕಾಲಕ್ಕೆ ಹೇಳಬಲ್ಲದು. ಜಾಗದ ಅಭಾವದ ಮಾತೂ ನಿಲ್ಲದು. ‘ನೆ’ ಮತ್ತು ‘ರೆ’ ಸಮಾನವಾದ ಜಾಗವನ್ನೇ ಬೇಡುತ್ತವೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕೊಲೆ, ಅತ್ಯಾಚಾರಗಳ ಆರೋಪ ಹೊತ್ತವರನ್ನು ಬಹುವಚನದಲ್ಲಿ ಉಲ್ಲೇಖಿಸಿದರೆ ನೊಂದವರಿಗೆ ಅವಮಾನವಾಗುವುದಿಲ್ಲವೇ ಎಂಬುದು ಆ ಪ್ರಶ್ನೆ. ಓದುಗರ ಆಕ್ರೋಶವನ್ನು ಲಘುವಾಗಿ ಕಾಣಲಾಗದು. ಆದರೆ ಇಂದಿನ ಪದ್ಧತಿಯಲ್ಲಿ ಆರೋಪಿಯ ಜೊತೆಗೆ ಸಂತ್ರಸ್ತೆಯೂ ಏಕವಚನದಲ್ಲಿಯೇ ಉಳಿದಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ನೊಂದವರ ಮೇಲಿನ ಕಾಳಜಿ ನಿಜವಾದುದಾದರೆ ಬಹುವಚನ ಮೊದಲು ಸಲ್ಲಬೇಕಾದದ್ದು ಅವರಿಗೆ. ಆರೋಪಿಗೆ ಸಲ್ಲುವ ಬಹುವಚನವು ಪೂಜ್ಯಭಾವದ ಸೂಚಕವಲ್ಲ. ತೀರ್ಪು ತನ್ನ ಕೆಲಸವಲ್ಲ ಎಂಬ ಪತ್ರಿಕೆಯ ಸಂಯಮದ ಸೂಚಕ. ಅದೂ ಕಷ್ಟವೆನಿಸಿದರೆ ‘ಬಂಧನವಾಗಿದೆ’, ‘ವಿಚಾರಣೆ ನಡೆದಿದೆ’ ಎಂಬಂಥ ರಚನೆಗಳು ಕನ್ನಡದಲ್ಲಿ ಧಾರಾಳವಾಗಿವೆ.

ಮೂರನೆಯದು, ಎಲ್ಲರಿಗೂ ಬಹುವಚನ ಸಂದರೆ ಅದರ ಬೆಲೆಯೇ ಕುಗ್ಗುತ್ತದೆ ಎಂಬ ವಾದ. ಕುಗ್ಗಿದರೆ ನಷ್ಟವಿಲ್ಲ. ಸ್ವೀಡನ್ ದೇಶದಲ್ಲಿ 1960ರ ದಶಕದ ಕೊನೆಯಲ್ಲಿ ಆದ ಬದಲಾವಣೆ ಎಲ್ಲರಿಗೂ ಏಕವಚನವನ್ನು ತಂದಿತು; ಅಲ್ಲಿ ಸಮಾನತೆ ಕೆಳಗಿನ ಮೆಟ್ಟಿಲಲ್ಲಿ ಕೂಡಿಕೊಂಡಿತು. ಏಕವಚನಕ್ಕೆ ಜಾತಿಯ ನೆನಪು ಅಂಟಿಕೊಂಡಿರುವ ಕನ್ನಡದಲ್ಲಿ ಸಾರ್ವಜನಿಕ ಸಮಾನತೆ ಮೇಲಿನ ಮೆಟ್ಟಿಲಲ್ಲಿ ಕೂಡಿಕೊಳ್ಳುವುದೇ ಯುಕ್ತ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿದ ಮೇಲಂತೂ ಲಿಂಗಭೇದವನ್ನು ತೋರದ ‘ಅವರು’ ಎಂಬ ಸರ್ವನಾಮದ ಉಪಯುಕ್ತತೆ ಇನ್ನಷ್ಟು ಹೆಚ್ಚಿದೆ.

ನೆರೆಯ ಕೇರಳದ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಪೊಲೀಸರು ಸಾರ್ವಜನಿಕರನ್ನು ‘ಎಡಾ’, ‘ಎಡೀ’, ‘ನೀ’ ಎಂದು ಸಂಬೋಧಿಸಬಾರದೆಂದು ಸೂಚಿಸಿತು. ಆ ಸಂಬಂಧ ಪೊಲೀಸ್ ಮುಖ್ಯಸ್ಥರ ಸುತ್ತೋಲೆಯೂ ಹೊರಟಿತು. ಸಂಬೋಧನೆಯು ನಾಗರಿಕರ ಘನತೆಗೆ ಸಂಬಂಧಿಸಿದ ವಿಷಯವೆಂದು ನ್ಯಾಯಪೀಠವೊಂದು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಕರ್ನಾಟಕದಲ್ಲಿಯೂ ಠಾಣೆ, ಸರ್ಕಾರಿ ಆಸ್ಪತ್ರೆ, ತಾಲ್ಲೂಕು ಕಚೇರಿ, ಬಸ್ಸುಗಳಲ್ಲಿ ಬಟ್ಟೆಯನ್ನು ನೋಡಿ ಸರ್ವನಾಮವನ್ನು ಆರಿಸುವ ರೂಢಿಯಿದೆ. ಹೋಟೆಲಿನಲ್ಲಿ ಲೋಟ ಎತ್ತುವವರನ್ನು, ಮನೆಗೆಲಸದವರನ್ನು, ಕಾವಲುಗಾರರನ್ನು ವಿದ್ಯಾವಂತರೂ ಏಕವಚನದಲ್ಲಿಯೇ ಕರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಅಪ್ಪ ‘ಬಂದರು’, ಅವ್ವ ‘ಬಂದಳು’. ಅವ್ವನಿಗೆ ಸಲ್ಲುವ ಏಕವಚನದಲ್ಲಿ ಪ್ರೀತಿ ಇರುವುದು ನಿಜ. ಆ ಪ್ರೀತಿ ಅಪ್ಪನಿಗೆ ಏಕೆ ಸಲ್ಲುವುದಿಲ್ಲ ಎಂಬ ಪ್ರಶ್ನೆಯೂ ಅಷ್ಟೇ ನಿಜ.

ಈ ವಿಮರ್ಶೆಯಿಂದ ವಿದ್ವತ್ ವಲಯವೂ ಹೊರತಲ್ಲ. ಸಂಶೋಧನ ಬರಹಗಳಲ್ಲಿ ಪ್ರಾಚೀನ ಕವಿಗಳಿಗೆ ಏಕವಚನ, ಆಧುನಿಕರಿಗೆ ಬಹುವಚನ ಎಂಬುದು ಒಪ್ಪಿತವಾದ ರೂಢಿ. ಅದರಿಂದ ಯಾರಿಗೂ ನೋವಿಲ್ಲ. ಆದರೆ ಜಾನಪದ ಕ್ಷೇತ್ರಕಾರ್ಯದ ವರದಿಗಳಲ್ಲಿ ಸಂಗ್ರಾಹಕರು ‘ದಾಖಲಿಸಿದರು’, ನೂರಾರು ಹಾಡುಗಳನ್ನು ನೆನಪಿನಿಂದ ಕೊಟ್ಟ ಹಾಡುಗಾರ್ತಿ ‘ಹೇಳಿದಳು’ ಎಂಬ ಧಾಟಿ ಕಂಡುಬಂದಿರುವುದು ರೂಢಿಯ ಮಾತಾಗಿ ಮುಗಿಯುವುದಿಲ್ಲ. ಜ್ಞಾನವನ್ನು ಕೊಟ್ಟವರು ಏಕವಚನದಲ್ಲಿ, ಪಡೆದವರು ಬಹುವಚನದಲ್ಲಿ ಉಳಿಯುವುದಾದರೆ ಪತ್ರಿಕೆಗಳಿಗೆ ಬುದ್ಧಿ ಹೇಳುವ ಅಧಿಕಾರ ಕನ್ನಡ ವಿಭಾಗಗಳಿಗೆ ಇರುವುದಿಲ್ಲ.

ಆದ್ದರಿಂದ ಆಗಬೇಕಾದ ಕೆಲಸ ಎರಡು ಕಡೆಯಿಂದ ಆರಂಭವಾಗಬೇಕಾಗಿದೆ. ವಯಸ್ಕರಾದ ಯಾರನ್ನೇ ಆಗಲಿ, ವೃತ್ತಿ, ಜಾತಿ, ಲಿಂಗ, ಆರೋಪಗಳನ್ನು ಎಣಿಸದೆ ಬಹುವಚನದಲ್ಲಿ ಉಲ್ಲೇಖಿಸುವುದೆಂಬ ಒಂದು ಸಾಲಿನ ನಿಯಮವನ್ನು ಪ್ರತಿ ಸುದ್ದಿಮನೆಯೂ ತನ್ನ ಭಾಷಾ ಕೈಪಿಡಿಗೆ ಸೇರಿಸಿಕೊಳ್ಳಬಹುದು. ಪತ್ರಿಕೋದ್ಯಮ ಮತ್ತು ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ವಚನವಿಚಾರವನ್ನು ಬೋಧಿಸುವಾಗ ಪ್ರತ್ಯಯಗಳ ಪಟ್ಟಿಯ ಜೊತೆಗೆ ಅವುಗಳ ಸಾಮಾಜಿಕ ಹಂಚಿಕೆಯನ್ನೂ ಚರ್ಚಿಸಬಹುದು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಹಣವೂ ಬೇಕಿಲ್ಲ. ಕಟ್ಟಡದಿಂದ ಬಿದ್ದು ಸತ್ತವರಿಗೆ ಪತ್ರಿಕೆ ಜೀವವನ್ನು ಹಿಂದಿರುಗಿಸಲಾರದು, ಪರಿಹಾರವನ್ನೂ ಕೊಡಿಸಲಾರದು. ಬದುಕಿದ್ದಾಗ ಅವರಿಗೆ ಯಾರೂ ಕೊಡದೆ ಹೋದ ಒಂದು ಅಕ್ಷರವನ್ನಾದರೂ ಕೊಡಬಲ್ಲದು.