ವಿಮಾನ ಯಾರದು, ನಷ್ಟ ಯಾರದು?

ಬೇಡಕಿಹಾಳದ ಚಹದಂಗಡಿಯಲ್ಲಿ ಮೊನ್ನೆ ಕಿರಾಣಿ ವ್ಯಾಪಾರಿ ಮಿತ್ರರೊಬ್ಬರು ನನ್ನನ್ನು ತಡೆದು ಕೇಳಿದರು: "ಮಾಸ್ತರರೇ, ಸರಕಾರದ ಕೈಯಲ್ಲಿದ್ದ ಏರ್ ಇಂಡಿಯಾ ಮುಳುಗಿತು. ಧಣಿ ಇದ್ದರೇ ದಂಧೆ ನಡೆಯುವುದು. ಇನ್ನೂ ಏಕೆ ನಿಮ್ಮ ರಾಷ್ಟ್ರೀಕರಣದ ಪಾಠ?" ಪ್ರಶ್ನೆ ನ್ಯಾಯವಾದದ್ದು. ಲೆಕ್ಕದ ಮಾತಿಗೆ ಲೆಕ್ಕದಿಂದಲೇ ಉತ್ತರ ಕೊಡಬೇಕು.

ಮೊದಲು ಧಣಿಯ ಲೆಕ್ಕ ನೋಡೋಣ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿ 2005ರಲ್ಲಿ ಹಾರಾಟ ಆರಂಭಿಸಿತು. ಕ್ಯಾಪ್ಟನ್ ಗೋಪಿನಾಥರು ಸಾಮಾನ್ಯ ಜನರಿಗೆಂದು 2003ರಲ್ಲಿ ಕಡಿಮೆ ದರದಲ್ಲಿ ನಡೆಸತೊಡಗಿದ ಏರ್ ಡೆಕ್ಕನ್ ಕಂಪನಿಯನ್ನೂ 2008ರ ಹೊತ್ತಿಗೆ ಅದು ನುಂಗಿತು. ಧಣಿ ವಿಜಯ ಮಲ್ಯ. ಹಣ ಮಾತ್ರ ಸ್ಟೇಟ್ ಬ್ಯಾಂಕ್ ಮೊದಲಾದ ಬ್ಯಾಂಕುಗಳದು. ಅಂದರೆ ನೀವು ನಾವು ಇಟ್ಟ ಠೇವಣಿ. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗಕ್ಕೆ ಬದಲಾಗಿ ಕಂಪನಿಯ ಶೇರುಗಳನ್ನೇ ಪಡೆದವು, ಅದೂ ಪೇಟೆಯ ಧಾರಣೆಗಿಂತ ಹೆಚ್ಚಿನ ಬೆಲೆಗೆ! 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ನೌಕರರಿಗೆ ತಿಂಗಳುಗಟ್ಟಲೆ ಪಗಾರವಿಲ್ಲ. 2016ರಲ್ಲಿ ಧಣಿ ದೇಶ ಬಿಟ್ಟಾಗ ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ 9,000 ಕೋಟಿ ರೂಪಾಯಿಗೂ ಮೇಲೆ. ಮುಂದೆ ಆಸ್ತಿ ಮಾರಿ ಬ್ಯಾಂಕುಗಳು ಬಹಳಷ್ಟು ವಸೂಲು ಮಾಡಿದವು, ನಿಜ. ನೌಕರರು ವರ್ಷಗಟ್ಟಲೆ ಕಾದರು.

ಇನ್ನು ಸರಕಾರದ ಲೆಕ್ಕ. ಟಾಟಾ ಅವರು 1932ರಲ್ಲಿ ಆರಂಭಿಸಿದ ವಿಮಾನ ಸೇವೆ 1953ರಲ್ಲಿ ರಾಷ್ಟ್ರದ್ದಾಯಿತು. ಆದರೂ ಜೆ. ಆರ್. ಡಿ. ಟಾಟಾ ಅವರೇ 1978ರ ವರೆಗೆ ಏರ್ ಇಂಡಿಯಾದ ಅಧ್ಯಕ್ಷರು. ಆ ಇಪ್ಪತ್ತೈದು ವರ್ಷ ಒಡೆತನ ಸರಕಾರದ್ದೇ, ಹೆಸರು ಜಗತ್ತಿನಲ್ಲೆಲ್ಲ ಒಳ್ಳೆಯದೇ. ಕೆಟ್ಟದ್ದು ಆಮೇಲೆ. ಸಾಲ ಮಾಡಿ ಒಮ್ಮೆಲೆ 111 ವಿಮಾನಗಳಿಗೆ ಆರ್ಡರು ಕೊಟ್ಟದ್ದು, 2007ರಲ್ಲಿ ಎರಡು ಸಂಸ್ಥೆಗಳನ್ನು ಅವಸರದಿಂದ ಕೂಡಿಸಿದ್ದು, ಇವು ದಿಲ್ಲಿಯಲ್ಲಿ ಆದ ನಿರ್ಣಯಗಳು. 2022ರ ಜನವರಿಯಲ್ಲಿ ಅದು ಮರಳಿ ಟಾಟಾ ಅವರ ಪಾಲಾದಾಗ ಸರಕಾರಕ್ಕೆ ಬಂದ ನಗದು 2,700 ಕೋಟಿ. ಖರೀದಿದಾರರು 15,300 ಕೋಟಿ ಸಾಲ ಹೊತ್ತರು. 46,000 ಕೋಟಿಗೂ ಹೆಚ್ಚು ಸಾಲ ಸರಕಾರದ ಹೆಗಲಿಗೇ ಉಳಿಯಿತು. ಅಂದರೆ ವಿಮಾನ ಹತ್ತದ ನಮ್ಮ ಹೆಗಲಿಗೆ.

"ಹಾಗಾದರೆ ಇಂಡಿಗೋ?" ಎನ್ನುವಿರಿ. 2006ರಿಂದ ಅದು ಚೆನ್ನಾಗಿ ಬೆಳೆಯಿತು. ಬಹುಕಾಲ ಒಂದೇ ಬಗೆಯ ವಿಮಾನ, ಇಳಿದ ವಿಮಾನವನ್ನು ಬೇಗ ಏರಿಸುವ ಶಿಸ್ತು: ಇದು ದುಡಿಮೆಯ ಕ್ರಮ, ಸರಕಾರಿ ಸಂಸ್ಥೆಯೂ ಕಲಿಯಬಹುದು. ಆದರೆ ನೂರಕ್ಕೆ ಅರುವತ್ತಕ್ಕೂ ಮೇಲ್ಪಟ್ಟು ಪ್ರಯಾಣಿಕರು ಅದೊಂದೇ ಕಂಪನಿಯ ಕೈಗೆ ಸೇರಿದ ಮೇಲೆ, 2025ರ ಡಿಸೆಂಬರಿನಲ್ಲಿ ಏನಾಯಿತು? ಪೈಲಟರಿಗೆ ಹೆಚ್ಚು ವಿಶ್ರಾಂತಿ ಕೊಡುವ ನಿಯಮ ಅದಕ್ಕೆ ಮೊದಲೇ ಜಾರಿಗೆ ಬಂದಿತ್ತು. ಇದ್ದ ಪೈಲಟರು ಸಾಲಲಿಲ್ಲ. ಸಾವಿರಾರು ಹಾರಾಟ ರದ್ದು! ಗಿರಣಿಯಲ್ಲಿ ಪಾಳಿ ಮೇಲೆ ಪಾಳಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಮಿತ್ರರೇ, ಫಲಕದ ಮೇಲೆ ಯಾರ ಹೆಸರಿದೆ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಹಣ ಯಾರದು? ಲೆಕ್ಕ ಯಾರ ಮುಂದೆ? ನಷ್ಟ ಯಾರ ತಲೆಗೆ? ಮಂತ್ರಿಗಳ ಮರ್ಜಿಯಲ್ಲಿ ನಡೆಯುವುದು ಜನರ ಒಡೆತನವಲ್ಲ. ಜನರ ಠೇವಣಿಯಲ್ಲಿ ಜೂಜಾಡುವುದು ಧಣಿಯ ಸಾಹಸವೂ ಅಲ್ಲ. ದುಡಿಯುವವನಿಗೆ ಆಡಳಿತ ಮಂಡಳಿಯಲ್ಲಿ ಕುರ್ಚಿ, ಸಾರ್ವಜನಿಕರಿಗೆ ತೆರೆದ ವಹಿ: ಇವೆರಡೂ ಇದ್ದಾಗಲೇ ರಾಷ್ಟ್ರೀಕರಣ ಎಂಬ ಮಾತಿಗೆ ಅರ್ಥ. ಅಂಗಡಿಯ ವಹಿಯನ್ನು ದಿನಾಲು ನೋಡುವ ನೀವು, ನಿಮ್ಮ ಹಣದಿಂದ ಹಾರುವ ವಿಮಾನದ ವಹಿಯನ್ನು ಕೇಳಲು ಏಕೆ ಅಂಜಬೇಕು?